ಬೆಳ್ಳಿ ಹಾಕಿಸಿದ ಪುಲ್ಲರ್

ಸುತ್ತಿಗೆ ಮೇಲೆ ಹೋಗಿತ್ತು. ಇನ್ನೇನು ಬೀಳಬೇಕು.

‘ಹೊಡೀಬ್ಯಾಡ್ರಿ,’ ಅಂದಳು ಹೆಂಡತಿ.

‘ಮತ್ತೇನ ಮಾಡ್ಲಿ? ಊದಿನಕಡ್ಡಿ ಹಚ್ಚಿ ಬೇಡಿಕೊಳ್ಳಲೇನು?’

‘ಒಡದ್ರ ಇನ್ನೊಂದು ಎಲ್ಲಿಂದ ತರ್ತೀರಿ?’

ಗಂಡನ ಕೈ ಗಾಳಿಯಲ್ಲೇ ನಿಂತಿತು. ಅಂಗಳದಲ್ಲಿ ಅವನ ಮುಂದೆ ಒಂದು ಹಳೆಯ ಮೋಟಾರ್ ಸೈಕಲ್ ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು. ಅದನ್ನು ಮಾಡಿದ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿದೆ. ಕ್ಲಚ್ಚಿನ ಹಿಂದಿನ ಬೇರಿಂಗ್ ಪುಡಿಯಾಗಿತ್ತು. ಹೊಸ ಬೇರಿಂಗ್ ಪೇಟೆಯಲ್ಲಿ ಸಿಕ್ಕಿತ್ತು, ಅವನ ಜೇಬಿನಲ್ಲೇ ಇತ್ತು. ಆದರೆ ಅದನ್ನು ಹಾಕಬೇಕಾದರೆ ಮೊದಲು ಕ್ಲಚ್ಚಿನ ಹಬ್ ಹೊರಗೆ ಬರಬೇಕು. ಬಂಡಿಯ ಗಾಲಿಯ ನಡುವೆ ಗುಂಬ ಇರುತ್ತದಲ್ಲ, ಹಾಗೆ ಇರುವ ಭಾಗ ಅದು. ಶಾಫ್ಟಿಗೆ ಕಚ್ಚಿ ಕೂತಿರುತ್ತದೆ. ಕೈಯಿಂದ ಎಳೆದರೆ ಬರುವುದಿಲ್ಲ, ಹೊಡೆದರೆ ಒಡೆಯುತ್ತದೆ. ಹೊಡೆಯದೆ ಬಡಿಯದೆ, ತಿರುಗಿಸಿ ತಿರುಗಿಸಿ ಎಳೆದು ತೆಗೆಯುವ ಒಂದು ಸಾಮಾನು ಇದೆ. ಪುಲ್ಲರ್ ಅನ್ನುತ್ತಾರೆ. ಬೇರೆ ಗಾಡಿಯ ಪುಲ್ಲರ್ ಇದಕ್ಕೆ ಕೂರುವುದಿಲ್ಲ. ಇದರದ್ದೇ ಬೇಕು.

ಒಂದು ಹಳೇ ಗಾಡಿಗೆ ಇಷ್ಟು ಗೋಳೇಕೆ ಅನ್ನುತ್ತೀರಿ. ಕೇಳಿ. ಆ ಹೆಂಡತಿಗೆ ಚಿಕ್ಕಂದಿನಿಂದ ಕಾಲುಗಳಲ್ಲಿ ಬಲವಿಲ್ಲ. ಬಸ್ಸು ಹತ್ತಬೇಕಾದರೆ ಯಾರಾದರೂ ಎತ್ತಬೇಕು. ಒಮ್ಮೆ ಎತ್ತಿದ್ದರು. ಕಂಡಕ್ಟರ್ ಒಂದು ಕಡೆ, ಯಾರೋ ಇನ್ನೊಂದು ಕಡೆ, ಈರುಳ್ಳಿ ಚೀಲ ಎತ್ತಿದ ಹಾಗೆ. ‘ಜ್ವಾಕಿ, ಜ್ವಾಕಿ’ ಅಂತ ಬಸ್ಸಿನ ತುಂಬ ಜನ ಹೇಳಿದರು. ಸೀರೆ ಎಲ್ಲಿಗೆ ಸರಿಯಿತು ಅಂತ ನೋಡಬೇಕಾದವರು ನೋಡಲಿಲ್ಲ. ನೋಡಬಾರದವರು ನೋಡಿದರು. ಅಂದೇ ಆಕೆ ಬಸ್ಸು ಬಿಟ್ಟಳು. ಗಂಡ ಈ ಗಾಡಿಗೆ ಒಂದು ಸೈಡ್‌ಕಾರ್ ಕಟ್ಟಿಸಿದ, ಸರಿಯಾಗಿ ಮನೆಯ ಕಟ್ಟೆಯ ಎತ್ತರಕ್ಕೆ. ಕಟ್ಟೆಯ ಮೇಲೆ ಕೈಯೂರಿ ಸರಿದರೆ ಅದರೊಳಗೆ ಕೂತಾಯಿತು. ಯಾರ ತೋಳೂ ಬೇಡ.

ಮರುದಿನ ಪಕ್ಕದ ಊರಲ್ಲಿ ಮಗಳ ಕುಬಸ. ಚೊಚ್ಚಲ ಬಸುರಿ. ಅವಳ ಕೈಗೆ ಹಸಿರು ಬಳೆ ತಾಯಿಯೇ ಇಡಿಸಬೇಕು. ಈಗ ಹೇಳಿ, ಅದು ಬರೀ ಗಾಡಿಯೇ?

ಇನ್ನು ಶ್ರೀಮಂತ. ಆ ಊರಲ್ಲೂ ಒಬ್ಬ ಇದ್ದ. ಯಾವ ಊರಲ್ಲಿ ಇಲ್ಲ?

ಊರಿನ ಗ್ಯಾರೇಜಿನ ಗೋಡೆಯಲ್ಲಿ ಒಂದು ಮೊಳೆ ಇತ್ತು. ಆ ಮೊಳೆಗೆ ಇದೇ ಗಾಡಿಯ ಪುಲ್ಲರ್ ತೂಗುತ್ತಿತ್ತು. ಅದನ್ನು ಮಾಡಿದ ಮೇಸ್ತ್ರಿ ಸಾಯುವಾಗ, ಊರಿಗೆಲ್ಲ ಇರಲಿ ಅಂದಿದ್ದ. ಬೇಕಾದವರು ಒಯ್ಯುತ್ತಿದ್ದರು, ಕೆಲಸ ಮುಗಿಸಿ ಎಣ್ಣೆ ಹಚ್ಚಿ ತಂದು ತೂಗುಹಾಕುತ್ತಿದ್ದರು. ಕಪ್ಪಗಿತ್ತು. ಜಿಡ್ಡಾಗಿತ್ತು. ಕೆಲಸ ಮಾಡುತ್ತಿತ್ತು.

ಶ್ರೀಮಂತನ ಬಳಿಯೂ ಇಂಥ ಗಾಡಿಗಳಿದ್ದವು. ಓಡಿಸುವುದಕ್ಕಲ್ಲ, ಪಡಸಾಲೆಯಲ್ಲಿ ನಿಲ್ಲಿಸುವುದಕ್ಕೆ. ‘ಇಂಥಾ ಅಪರೂಪದ ಸಾಮಾನು ಮೊಳಿಗೆ ಜೋತುಬಿದ್ರ ಊರಿಗೇ ಅಪಮಾನ’ ಅಂದ. ಆಯುಧಪೂಜೆಗೆ ಅಂತ ಮನೆಗೆ ತರಿಸಿದ. ತರಿಸಿ ಏನು ಮಾಡಿದ? ಬೆಳ್ಳಿ ಹಾಕಿಸಿದ. ನಗಬೇಡಿ. ದೇವರಿಗೆ ಬೆಳ್ಳಿಯ ಕವಚ ಮಾಡಿಸುವ ಭಕ್ತಿಯಿಂದಲೇ ಹಾಕಿಸಿದ. ಗಾಜಿನ ಪೆಟ್ಟಿಗೆಯಲ್ಲಿಟ್ಟ. ಪೆಟ್ಟಿಗೆಯ ಮೇಲೆ ‘ಊರಿನ ಸೇವೆಗೆ’ ಅಂತ ಬರೆಸಿದ, ಅದರ ಕೆಳಗೆ ತನ್ನ ಹೆಸರು ಬರೆಸಿದ. ಊರಿನದೇ ಸೊತ್ತು, ಊರಿಗೇ ದಾನ.

ಗಂಡ ಅಲ್ಲಿಗೆ ಹೋದ. ಚಪ್ಪಲಿ ಹೊರಗೆ ಬಿಟ್ಟು, ಕೈಯ ಗ್ರೀಸು ಪ್ಯಾಂಟಿಗೆ ಒರೆಸಿಕೊಂಡು ನಿಂತ.

‘ಸಾವಕಾರ್ರ, ಪುಲ್ಲರ್ ಬೇಕಾಗಿತ್ರಿ.’

‘ನೋಡಾಕೇನಪಾ?’

‘ಅಲ್ರಿ. ಗಾಡಿ ಬಿಚ್ಚಾಕ.’

‘ಬಿಚ್ಚಾಕ?’ ಶ್ರೀಮಂತನಿಗೆ ಒಂದು ಕ್ಷಣ ತಿಳಿಯಲೇ ಇಲ್ಲ. ಆ ಸಾಮಾನಿಗೆ ಒಂದು ಕೆಲಸವಿದೆ ಅನ್ನುವುದೇ ಅವನಿಗೆ ಮರೆತುಹೋಗಿತ್ತು.

ಆದರೆ ನೋಡಿ, ಅವನು ಕೆಟ್ಟವನಲ್ಲ. ಇದನ್ನು ನೆನಪಿಡಿ, ಕೆಟ್ಟವನಲ್ಲ. ಚಹಾ ತರಿಸಿದ. ಪೆಟ್ಟಿಗೆ ತೆರೆದ. ಮೇಲಿನ ಹೂವು ಸರಿಸಿದ. ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತನ್ನ ಕೈಯಾರೆ ಕೊಟ್ಟ.

‘ಒಂದು ಗೀರು ಬೀಳಬಾರದು ನೋಡು. ಅರ ಗಿರ ಹಚ್ಚಿ ತಿಕ್ಕಬ್ಯಾಡ.’

ಅಂಗಳಕ್ಕೆ ತಂದು ತಿರುಗಿಸಿದರೆ ಮೊದಲ ಸುತ್ತೇ ಹತ್ತಲಿಲ್ಲ. ತಿರುಪಿನ ಗೆರೆಗಳೊಳಗೆ ಬೆಳ್ಳಿ ತುಂಬಿಕೊಂಡಿತ್ತು. ಕೂದಲೆಳೆಯಷ್ಟು ದಪ್ಪ, ಅಷ್ಟು ಸಾಕು. ಗಂಡ ತಿರುಗಿ ಓಡಿದ.

‘ಹತ್ತವಲ್ದ್ರಿ. ಬೆಳ್ಳಿ ಅಡ್ಡ ಬರಾಕತ್ತೈತಿ. ಒಂಚೂರು ಅರದಿಂದ ತಿಕ್ಕಲೇನ್ರಿ?’

‘ತಿಕ್ಕತಿ? ಏ ತಮ್ಮಾ, ಬೆಳ್ಳಿ ಕಬ್ಬಿಣಕ್ಕಿಂತ ಕಡಿಮಿ ಆತೇನು? ನಿನ್ನ ಗಾಡೀನ ಸರಿ ಇಲ್ಲ.’

ಕೇಳಿದಿರಾ? ಗಾಡಿಯೇ ಸರಿ ಇಲ್ಲವಂತೆ. ಅಂಗಿ ಕೂರದಿದ್ದರೆ ಮೈಯದೇ ತಪ್ಪು. ಬೆಳ್ಳಿ ಬೆಳ್ಳಿಯೇ, ಯಾರು ಇಲ್ಲ ಅಂದರು? ಆದರೆ ನೀರಡಿಸಿದವನ ಎದುರು ಬಾವಿಗೆ ಬೆಳ್ಳಿಯ ಮುಚ್ಚಳ ಜಡಿದು, ಮುಚ್ಚಳಕ್ಕೆ ಗೀರು ಬೀಳಬಾರದು ಅನ್ನುವವನನ್ನು ಏನೆಂದು ಕರೆಯೋಣ? ಭಕ್ತ ಅನ್ನೋಣವೇ? ದಾನಿ ಅನ್ನೋಣವೇ?

ಗಂಡ ಮನೆಗೆ ಬಂದು ಮತ್ತೆ ಸುತ್ತಿಗೆ ಹುಡುಕಿದ. ಆಕೆ ಸುತ್ತಿಗೆಯನ್ನು ತನ್ನ ಸೆರಗಿನ ಕೆಳಗೆ ಇಟ್ಟುಕೊಂಡು ಕೂತಿದ್ದಳು.

‘ಬಾಗಲಾ ಹಿಂದ ನನ್ನ ಕಾಲು ಅದಾವ, ತಗೊಂಬರ್ರಿ,’ ಅಂದಳು.

‘ಅವನ್ಯಾಕ ಈಗ?’

‘ಅವಕ್ಕ ತೂತು ಅದಾವಲ್ಲ.’

ಕಾಲು ಅಂದರೆ ಕಾಲಿಗೆ ಕಟ್ಟಿಕೊಳ್ಳುವ ಕಬ್ಬಿಣದ ಪಟ್ಟಿಗಳು. ಎಂದೋ ಒಂದು ಶಿಬಿರದಲ್ಲಿ ಆಕೆಗೆ ಹಾರ ಹಾಕಿ ಕೊಟ್ಟಿದ್ದರು. ಆಕೆಯನ್ನು ಹಿಡಿದು ನಿಲ್ಲಿಸಿ ಫೋಟೊ ತೆಗೆದಿದ್ದರು. ಫೋಟೊ ಚೆನ್ನಾಗಿ ಬಂದಿತ್ತು. ಕಾಲಿನ ಅಳತೆ ಮಾತ್ರ ಯಾರೂ ತೆಗೆದಿರಲಿಲ್ಲ. ಕಟ್ಟಿಕೊಂಡರೆ ಮೊಣಕಾಲು ಹರಿದು ರಕ್ತ ಬರುತ್ತಿತ್ತು. ಅಂದಿನಿಂದ ಅವು ಬಾಗಿಲ ಹಿಂದೆ ತುಕ್ಕು ಹಿಡಿಯುತ್ತಿದ್ದವು. ಆದರೆ ಪಟ್ಟಿಯ ಉದ್ದಕ್ಕೂ, ಚರ್ಮದ ಪಟ್ಟಿ ಕಟ್ಟುವುದಕ್ಕೆ, ಸಾಲಾಗಿ ತೂತುಗಳಿದ್ದವು.

ಕ್ಲಚ್ಚಿನ ಸ್ಪ್ರಿಂಗ್ ಹಿಡಿಯುವ ಕಡ್ಡಿಗಳು ಹಬ್ಬಿನ ಮೇಲೆ ಎದ್ದುನಿಂತಿರುತ್ತವೆ. ಪಟ್ಟಿಯನ್ನು ಅಡ್ಡ ಇಟ್ಟು ನೋಡಿದ. ಎದುರುಬದುರಿನ ಎರಡು ಕಡ್ಡಿಗಳಿಗೆ ಎರಡು ತೂತು ಕೂತವು. ನಡುವಿನ ತೂತನ್ನು ದೊಡ್ಡದು ಮಾಡಿಸಿ, ಅದಕ್ಕೊಂದು ನಟ್ಟು ವೆಲ್ಡಿಂಗ್ ಹಾಕಿಸಿ ತಂದು, ಪಟ್ಟಿಯನ್ನು ಆ ಎರಡು ಕಡ್ಡಿಗಳಿಗೆ ಬಿಗಿದ. ನಡುವಿನ ನಟ್ಟಿನಲ್ಲಿ ಬೋಲ್ಟು ತಿರುಗಿಸಿದರೆ ಬೋಲ್ಟು ಶಾಫ್ಟನ್ನು ಒತ್ತುತ್ತದೆ, ಪಟ್ಟಿ ಹಬ್ಬನ್ನು ಎಳೆಯುತ್ತದೆ. ತಿರುಗಿಸಿದ. ಪಟ್ಟಿ ಬಿಲ್ಲಿನ ಹಾಗೆ ಬಾಗಿತು.

‘ಇದಕ್ಕೂ ತಾಕತ್ತಿಲ್ಲ ಬಿಡು,’ ಅಂದ.

‘ಒಂದ ಕಾಲಿಂದು ಸಾಲದಿದ್ರ ಇನ್ನೊಂದ ಕಾಲಿಂದೂ ತಗೋರಿ. ನಾ ಏನ್ ಓಡಿ ಹೋಗಾಕಿ ಅಲ್ಲ.’

ಅದರ ನಡುವಿನ ತೂತನ್ನೂ ದೊಡ್ಡದು ಮಾಡಿಸಿ, ಒಂದರ ಮೇಲೊಂದು ಪಟ್ಟಿ ಇಟ್ಟು ಮತ್ತೆ ಬಿಗಿದ. ಬೋಲ್ಟಿಗೆ ಹಾಕಿದ ಪಾನಾ ತಿರುಗಿತು. ನಿಂತಿತು. ಆತ ಮೈಯ ಭಾರವನ್ನೆಲ್ಲ ಹಾಕಿದ. ಟಕ್ ಎಂದು ಒಂದು ಸದ್ದು, ಹಬ್ ಬಂದು ಅವನ ಅಂಗೈಯಲ್ಲಿ ಕೂತಿತು. ಜೇಬಿನಲ್ಲಿದ್ದ ಹೊಸ ಬೇರಿಂಗ್ ತನ್ನ ಜಾಗಕ್ಕೆ ಹೋಯಿತು.

ನಡೆಸದ ಕಬ್ಬಿಣ ಕೊನೆಗೂ ಆಕೆಯನ್ನು ನಡೆಸಿತು.

ಮರುದಿನ ಬೆಳಿಗ್ಗೆ ಆಕೆ ಕಟ್ಟೆಯಿಂದ ಸರಿದು ಗಾಡಿಯಲ್ಲಿ ಕೂತಳು. ಪಕ್ಕದಲ್ಲಿ ಬಳೆಯ ಗಂಟು. ಮಡಿಲಲ್ಲಿ ಆ ಎರಡು ಪಟ್ಟಿ, ಹೋಗುವ ದಾರಿಯಲ್ಲಿ ಗ್ಯಾರೇಜಿನ ಮೊಳೆಗೆ ತೂಗುಹಾಕುವುದಕ್ಕೆ. ಬೆಳ್ಳಿ ಪುಲ್ಲರಿನ ರೇಷ್ಮೆ ಗಂಟನ್ನು ತಿರುಗಿ ಕೊಡಲು ಶ್ರೀಮಂತನ ಗೇಟಿನ ಮುಂದೆ ಗಾಡಿ ನಿಂತಿತು. ಅವನು ಹೊರಗೆ ಬಂದ, ಪಟ್ಟಿಗಳನ್ನು ಕಂಡ.

‘ಇದನ್ನ ಯಾರ ಮಾಡಿದ್ರಬೇ?’

‘ನಾವ ರೀ. ಇದರಿಂದನ ಗಾಡಿ ಬಿಚ್ಚೇವಿ.’

ಅವನ ಕಣ್ಣು ಒದ್ದೆಯಾಯಿತು. ನಿಜವಾಗಿಯೂ ಒದ್ದೆಯಾಯಿತು. ‘ಯವ್ವಾ, ಇದನ್ನ ನನಗ ಕೊಡು. ಇದಕ್ಕೂ ಬೆಳ್ಳಿ ಹಾಕಸ್ತೀನಿ. ಅದರ ಬಾಜೂಕ ಇಡ್ತೀನಿ. ಈ ಸಲ ಹೆಸರು ನಿಂದ ಬರಸ್ತೀನಿ.’

ಆಕೆ ಏನಂದಳು?

ತಡೆಯಿರಿ. ಕಥೆ ಮುಗಿಯಿತು ಅಂತ ಎದ್ದು ಚಪ್ಪಲಿ ಹುಡುಕಬೇಡಿ. ಆಕೆಯ ಉತ್ತರಕ್ಕೆ ಮೊದಲು ನಿಮ್ಮ ಉತ್ತರ ಬೇಕು. ಈ ಸಭಾಭವನದ ಬಾಗಿಲಲ್ಲಿ ಒಂದು ಗಾಲಿಕುರ್ಚಿ ಇದೆ. ಬೆನ್ನ ಮೇಲೆ ದಾನಿಗಳ ಹೆಸರು ದೊಡ್ಡದಾಗಿದೆ. ಅದರ ಪ್ಲಾಸ್ಟಿಕ್ ಇನ್ನೂ ಬಿಚ್ಚಿಲ್ಲ. ಇಂದು ಸಂಜೆ ಆ ಮೂಲೆಯಲ್ಲಿ ಕೂತಿರುವ ಅಜ್ಜಿಯನ್ನು ಇಬ್ಬರು ರಟ್ಟೆ ಹಿಡಿದು ಎತ್ತಿ ತಂದರು, ಅದೇ ಕುರ್ಚಿಯ ಪಕ್ಕದಿಂದ. ನೀವೆಲ್ಲ ‘ಜ್ವಾಕಿ, ಜ್ವಾಕಿ’ ಅಂದಿರಿ. ಪ್ಲಾಸ್ಟಿಕ್ ಯಾರಿಗೆ ಅಡ್ಡ ಬಂತು? ಕುರ್ಚಿಗೆ ಗೀರು ಬೀಳಬಾರದೇ? ಸೊಸೆ ತವರಿನಿಂದ ತಂದ ಹೊಲಿಗೆ ಯಂತ್ರಕ್ಕೆ ಕಸೂತಿ ಬಟ್ಟೆ ಹೊದಿಸಿ, ಅದರ ಮೇಲೆ ಟಿವಿ ಇಟ್ಟವರು ಇಲ್ಲಿ ಯಾರೂ ಇಲ್ಲವೇ? ಶಾಲೆಗೆ ಕೊಟ್ಟ ಸಾಮಾನು ಮಕ್ಕಳ ಕೈಗೆ ಸಿಗದ ಹಾಗೆ ಕಪಾಟಿಗೆ ಬೀಗ ಹಾಕಿದ ಮಾಸ್ತರರು ಬಂದಿಲ್ಲವೇ?

ಇಂದು ಮನೆಗೆ ಹೋಗುವ ಮುಂಚೆ ಆ ಪ್ಲಾಸ್ಟಿಕ್ ಹರಿಯಿರಿ. ಅಜ್ಜಿ ಅದರಲ್ಲೇ ಮನೆಗೆ ಹೋಗಲಿ. ನಾಳೆ ನಿಮ್ಮ ಮನೆಯ ಟಿವಿ ಇಳಿಸಿ, ಕಪಾಟಿನ ಬೀಗ ತೆಗೆಯಿರಿ. ಓಣಿಯಿಂದ ತಂದದ್ದನ್ನು ಓಣಿಗೆ ಒಯ್ದಿಡಿ. ಯಾರಿಗಾದರೂ ಏನಾದರೂ ಕೊಡುವ ಮುಂಚೆ ಅವರ ಅಳತೆ ಕೇಳಿ. ಕೊಟ್ಟದ್ದು ಸವೆಯಲಿ, ಗೀರು ಬೀಳಲಿ, ಜಿಡ್ಡಾಗಲಿ. ಅದೇ ಅದರ ಪೂಜೆ.

ಈಗ ಆಕೆಯ ಮಾತು. ಶ್ರೀಮಂತ ಎರಡೂ ಕೈ ಚಾಚಿ ನಿಂತಿದ್ದಾನೆ. ಆಕೆ ರೇಷ್ಮೆ ಗಂಟನ್ನು ಆ ಕೈಗಳಲ್ಲಿಟ್ಟಳು. ಮಡಿಲಿನ ಪಟ್ಟಿಗಳನ್ನು ತನ್ನತ್ತ ಎಳೆದುಕೊಂಡಳು. ಗಂಡ ಕ್ಲಚ್ಚು ಹಿಡಿದು ಗೇರು ಹಾಕಿದ.

‘ಒಲ್ಲೆರಿ,’ ಅಂದಳು.