ಹದಿನೇಳನೆಯ ಗೂಟ

ಚಿಕ್ಕಂದಿನಲ್ಲಿ ಹೊಳೆದಂಡೆಯಲ್ಲಿ ಆಡಿ ಬಂದಾಗ ಲಂಗಕ್ಕೆ ಹತ್ತುತ್ತಿದ್ದ ಹಸಿ ಕೆಸರಿನ ವಾಸನೆ, ಜಮಖಂಡಿಯ ದವಾಖಾನೆಯ ಬಾಕಿನ ಮೇಲೆ ಸರದಿ ಕಾಯುತ್ತಿದ್ದ ಪ್ರಮಿಳಾಬಾಯಿಯವರ ಮೂಗಿಗೆ ಮತ್ತೆ ಬಂತು. ಪಕ್ಕದಲ್ಲಿ ಕೆಸರು ಮೆತ್ತಿದ ಹೈಸ್ಕೂಲು ಸಮವಸ್ತ್ರದ ಹುಡುಗಿಯೊಬ್ಬಳು ರಕ್ತದಲ್ಲಿ ತೊಯ್ದ ಟವೆಲ್ಲನ್ನು ತಲೆಗೆ ಒತ್ತಿಕೊಂಡು ಕೂತಿದ್ದಳು. ಅವಳ ಮಗ್ಗುಲಿಗೆ, ಮಡಿಲಲ್ಲಿ ಗಂಟೊಂದನ್ನು ಇಟ್ಟುಕೊಂಡು, ಅವಳ ಚಿಕ್ಕಪ್ಪ, ಕಾಕಾ.

“ಕಾಂಚನಾ, ಡಾಕ್ಟರ್ ಕೇಳಿದ್ರ ಸೈಕಲ್ ಮ್ಯಾಲಿಂದ ಬಿದ್ನಿ ಅನ್ನು.”

“ಸೈಕಲ್ ಮೂರು ಸಲ ಹೊಡಿತೈತೇನ್ ಕಾಕಾ?”

“ಸಂಜು ಹೊಡದಿದ್ದು ತಪ್ಪು, ಖರೆ. ಆದ್ರ ನಿಮ್ಮ ಸಾಲಿಯವರು ನಮ್ಮ ಹೊಲದ ದಂಡಿಗೆ ಗೂಟ ಯಾಕ ಬಡೀಬೇಕು?”

“ಅದು ನಮ್ಮ ಹೊಲ ಅಲ್ಲ, ಹೊಳಿ ಜಾಗಾ. ಗೂಟ ಗುರುತಿಗೆ; ಒಂದೊಂದು ಗೂಟದ ಬಾಜೂಕ ನೆಲದಾಗ ಒಂದೊಂದು ಹಕ್ಕಿ ಗೂಡು ಇತ್ತು. ಸಂಜು ಅಣ್ಣ ಕಬ್ಬು ಹಚ್ಚಾಕಂತ ಟ್ರ್ಯಾಕ್ಟರ್ ಹಾಯಿಸಿ ಹದಿನಾರು ಗೂಡು ಅರದ. ಹದಿನೇಳನೇದ್ಕ ನಾ ಅಡ್ಡ ನಿಂತೆ.”

“ಆ ಗೂಟ ಕಿತ್ತs ಹೊಡದಾನ, ಗೊತ್ತೈತಿ. ನೀ ಹೇಳಿದ್ರ ಅಂವನ್ನ ಪೊಲೀಸರು ಒಯ್ತಾರವ್ವ. ಹೆದರಿ ಕಬ್ಬಿನಾಗ ಅಡಗಿ ಕುಂತಾನ. ಈ ಬುತ್ತಿ ಅವಂಗ ಒಯ್ಯಾಕತ್ತೇನಿ.”

“ಹೇಳಲಿಲ್ಲಂದ್ರ ನಾಳೆ ಆ ಒಂದು ಗೂಡೂ ಇರೂದಿಲ್ಲ.”

“ನಿನ್ನ ಕೈಹಿಡದು ಸಾಲಿಗೆ ಬಿಟ್ಟಾಂವ ಅಂವ.”

“ಹೂಂ ಕಾಕಾ. ಇವತ್ತ ಅದs ಕೈಲೆ ಹೊಡದ.”

ನರ್ಸ್ ಹೆಸರು ಕೂಗಿ, “ಏನಾತವ್ವ ತಲಿಗೆ?” ಎಂದಳು.

“ನಮ್ಮ ಅಣ್ಣ ಹೊಡದಾನ್ರಿ. ಬರಕೋರಿ.”

ಎದ್ದ ಹುಡುಗಿಗೆ ತಲೆ ತಿರುಗಿತು. ಕಾಕಾ ಅವಳ ರಟ್ಟೆ ಹಿಡಿದು, ಒಳಗೆ ನಡೆಸುತ್ತಲೇ, ಮಗ ಸಂಜುಗೆ ಕಟ್ಟಿ ತಂದಿದ್ದ ರೊಟ್ಟಿಯ ಗಂಟನ್ನು ಅವಳ ಕೈಗಿಟ್ಟ.