ಆರನೇ ಸುತ್ತಿನ ದಿನ

...ಬೇಡವಾ? ಒಂದು ಗುಟುಕು ಟೀಯಾದರೂ ಕುಡಿ ಮಗಳೇ, ಕುಡಿ ಮೋಳೇ. ಬೆಂಗಳೂರು ಏರ್‌ಪೋರ್ಟಿನಿಂದ ಹೊರಟ ಮೇಲೆ ನೀನು ನೀರು ಬಿಟ್ಟು ಎಂತದೂ ಮುಟ್ಟಲಿಲ್ಲ. ಘಾಟಿ ಇಳಿದಾಯ್ತು, ಗುಂಡ್ಯ ಬಂತು, ಇನ್ನು ಮುಕ್ಕಾಲು ಗಂಟೆಯಲ್ಲಿ ಕಡಬ. ಮನೆಗೆ ಹೋದರೆ ಮತ್ತೆ ಜನ ಜನ ಜನ... ಅಲ್ಲಿ ನಿನಗೆ ಒಂದು ತುತ್ತು ತಿನ್ನಲಿಕ್ಕೂ ಬಿಡುದಿಲ್ಲ.

ಯಾಕೆ ಎದ್ದೆ? ಕೂತುಕೊ. ಕೂತುಕೊ ಶಿಫಾ. ನಾನು ಕಾರು ನಿಲ್ಲಿಸಿದ್ದು ಟೀ ಕುಡಿಲಿಕ್ಕೆ ಅಲ್ಲ. ನಿನಗೆ ಒಂದು ವಿಷಯ ಹೇಳ್ಲಿಕ್ಕೆ ಉಂಟು. ಕಾರಿನಲ್ಲಿ ಹೇಳುವ ಅಂತ ಹಾಸನದಿಂದ ನೋಡಿದೆ. ನೀನು ಕಿಟಕಿಯ ಕಡೆಗೆ ತಿರುಗಿದವಳು ತಿರುಗಿದ ಹಾಗೆಯೇ ಇದ್ದೆ.

ಕಡಬ ಪೇಟೆಯಲ್ಲಿ ಫ್ಲೆಕ್ಸ್ ಹಾಕಿದ್ದಾರೆ. ದೊಡ್ಡದು. ನಾನು ಬೇಡ ಅಂತ ಹೇಳಿದೆ ಮಾರಾಯ್ತಿ, ಮನೆಯಲ್ಲಿ ಸಾವು ಆಗಿ ವಾರ ಆಗಲಿಲ್ಲ, ಈಗ ಅದೆಲ್ಲ ಎಂತಕ್ಕೆ ಅಂತ. ಕೇಳಬೇಕಲ್ಲ? ಜಗತ್ತಿನ ಹತ್ತು ಮಂದಿ ದೊಡ್ಡ ದೊಡ್ಡ ಗ್ರ್ಯಾಂಡ್‌ಮಾಸ್ಟರುಗಳನ್ನು ಮಾತ್ರ ಕರೆದು ಆಡಿಸುವ ಚೆಸ್ ಟೂರ್ನಿ, ಅದರಲ್ಲಿ ಒಬ್ಬಳೇ ಹೆಣ್ಣು, ಗೆದ್ದದ್ದೂ ಅವಳೇ, ಅವಳು ನಮ್ಮ ಕಡಬದವಳು... ಅವರಿಗೂ ಖುಷಿ ಇರುದಿಲ್ಲವಾ? ಉಮ್ಮನ ಫೋಟೋ ಮಾತ್ರ ಹಾಕಬೇಡಿ ಅಂತ ಕೈ ಮುಗಿದೆ. ಹಾಕಲಿಲ್ಲ. ಆದರೆ ಕೆಳಗೆ ಉಮ್ಮನ ಮಾತು ಹಾಕಿದ್ದಾರೆ. ‘ನನಗೆ ಎಂತ ಆದರೂ ಅವಳಿಗೆ ಹೇಳಬೇಡಿ, ನನ್ನ ಮಗಳು ಆಡಲಿ.’ ತಾಯಿಯ ಕೊನೆಯ ಮಾತು ಅಂತ.

ಯಾಕೆ ನಗ್ತೀ?

ಹಾಗೆ ನಗಬೇಡ ಮೋಳೇ. ಏರ್‌ಪೋರ್ಟಿನಲ್ಲಿ ನನ್ನನ್ನು ನೋಡಿ ಅಳ್ತೀ ಅಂತ ಗ್ರಹಿಸಿದ್ದೆ. ಅಳಲಿಲ್ಲ. ಈಗ ಇಲ್ಲಿ ಕೂತು ನಗುದಾ?

ಪೇಪರಿನಲ್ಲಿಯೂ ಬಂದಿದೆ. ಮನೆಗೆ ಪೇಪರಿನವರು ಬರ್ತಾರೆ ಇವತ್ತು. ನಿನ್ನ ಹತ್ರವೂ ಕೇಳ್ತಾರೆ, ಉಮ್ಮನ ಆ ಮಾತಿನ ಬಗ್ಗೆ ಎಂತ ಹೇಳ್ತೀರಿ ಅಂತ. ನಿನಗೆ ಗೊತ್ತಿಲ್ಲದೆ ಇದ್ದರೆ ಗಡಿಬಿಡಿ ಆಗ್ತದಲ್ಲ... ಅದಕ್ಕೇ ಮೊದಲೇ ಹೇಳಿಬಿಡುವ ಅಂತ. ಅಷ್ಟೇ. ಬೇರೆ ಎಂತ ಇಲ್ಲ.

ಹೇಗಾಯ್ತು ಅಂತ ನೀನು ಕೇಳಲಿಲ್ಲ. ಕೇಳದಿದ್ದರೂ ಹೇಳ್ತೇನೆ. ಬಹುಮಾನ ಕೊಟ್ಟಾದ ಮೇಲೆ ನಾನು ಫೋನಿನಲ್ಲಿ ಹೇಳಿದಾಗ ‘ಯಾವಾಗ?’ ಅಂತ ನೀನು ಒಂದೇ ಮಾತು ಕೇಳಿದೆ. ಆರನೇ ಸುತ್ತಿನ ದಿನ ಅಂದೆ. ನೀನು ಫೋನು ಇಟ್ಟೆ. ಅದರ ಮೇಲೆ ನಿನ್ನ ಸ್ವರ ಕೇಳಲಿಲ್ಲ ನಾನು.

ನೀನು ಹೋಗುವಾಗ ಉಮ್ಮ ಸರಿಯೇ ಇದ್ದಳು ಅಲ್ಲವಾ? ನಿನ್ನ ಸ್ವೆಟರಿಗೆ ಗುಂಡಿ ಹಾಕಿ ಕೊಟ್ಟವಳು ಅವಳೇ ಅಲ್ಲವಾ? ಮಂಗಳವಾರ, ನಿನ್ನ ನಾಲ್ಕನೇ ಸುತ್ತಿನ ದಿನ, ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ರ ಕೂತುಬಿಟ್ಟಳು. ಉಸಿರು ಎಳೀಲಿಕ್ಕೆ ಆಗುದಿಲ್ಲ. ಕಡಬದ ಆಸ್ಪತ್ರೆಯವರು ಪುತ್ತೂರಿಗೆ ಅಂದರು, ಪುತ್ತೂರಿನವರು ಮಂಗಳೂರಿಗೆ ಅಂದರು. ಎದೆಯ ವಾಲ್ವು ಹೋಗಿದೆ ಅಂತ. ಎಷ್ಟು ವರ್ಷದಿಂದ ಇತ್ತೋ, ಅವಳು ಯಾರ ಹತ್ರ ಹೇಳಿದ್ದಾಳೆ? ನಾನು ನಲವತ್ತು ವರ್ಷದಿಂದ ಪಂಪು ರಿಪೇರಿ ಮಾಡುವವ, ಊರಿನ ಬಾವಿಯ ಪಂಪೆಲ್ಲ ಸ್ವರ ಕೇಳಿ ಎಂತ ಹಾಳಾಗಿದೆ ಅಂತ ಹೇಳ್ತೇನೆ. ನನ್ನ ಮನೆಯೊಳಗೆ ಅವಳು ಮೆಟ್ಟಿಲು ಹತ್ತುವಾಗ ಏದುಸಿರು ಬಿಡುದು ಕೇಳಲಿಲ್ಲ.

ಮಧ್ಯಾಹ್ನ ಎರಡೂವರೆಗೆ ನಿನ್ನ ಫೋನು. ಯಾವಾಗಿನ ಹಾಗೆ. ಅವಳು ಆಕ್ಸಿಜನ್ನಿನ ಮಾಸ್ಕು ತೆಗೆಸಿದಳು. ನರ್ಸು ಬೈದರೂ ತೆಗೆಸಿದಳು. ‘ಒಂದು ಚೂರು ಜ್ವರ ಮೋಳೇ, ಮಾತಾಡ್ಲಿಕ್ಕೆ ಬೇಜಾರು’ ಅಂತ ನಿನಗೆ ಹೇಳಿದ್ದು ಅವಳೇ. ಇಟ್ಟ ಮೇಲೆ ನನ್ನ ಹತ್ರ ಹೇಳಿದಳು, ನನಗೆ ಎಂತ ಆದರೂ ಅವಳಿಗೆ ಹೇಳಬೇಡಿ, ಅವಳು ಆಡಲಿ ಅಂತ. ನಿನ್ನ ಅಜ್ಜಿ ಕದೀಜಮ್ಮ ಅಲ್ಲೇ ಇದ್ದರು. ಬೇಕಾದರೆ ಅವರ ಹತ್ರ ಕೇಳು.

ಅವಳಿಗಿಂತ ಹೆಚ್ಚು ಯಾರಿಗೆ ಬೇಕಿತ್ತು ಹೇಳು ನಿನ್ನ ಆಟ? ದೇರಣ್ಣ ಮಾಸ್ಟ್ರು ಶಾಲೆಯಲ್ಲಿ ನಿನಗೆ ಕಲಿಸಿದ್ದು ಹೌದು. ನಾನು ಊರಿಡೀ ನಿನ್ನ ಹೆಸರು ಹೇಳಿಕೊಂಡು ತಿರುಗಿದ್ದು ಹೌದು. ಆದರೆ ಬಸ್ಸಿನಲ್ಲಿ ನಿನ್ನೊಟ್ಟಿಗೆ ಬಂದದ್ದು ಯಾರು? ಪುತ್ತೂರು, ಮಂಗಳೂರು, ಚೆನ್ನೈ... ಆಟದ ಹಾಲ್‌ನ ಹೊರಗೆ ಬುತ್ತಿ ಹಿಡಿದುಕೊಂಡು ಐದೈದು ಗಂಟೆ ಕೂತದ್ದು ಯಾರು? ಕುದುರೆ ಹೇಗೆ ನಡೀತದೆ ಅಂತ ಅವಳಿಗೆ ಕಡೆಯವರೆಗೂ ಗೊತ್ತಿರಲಿಲ್ಲ. ನೀನು ಹೊರಗೆ ನಡೆದುಕೊಂಡು ಬರುದು ನೋಡಿ ಗೆದ್ದದ್ದಾ ಸೋತದ್ದಾ ಹೇಳ್ತಿದ್ದಳು. ಒಂದು ಸರ್ತಿಯೂ ತಪ್ಪಲಿಲ್ಲ ಅಲ್ಲವಾ?

ಅಳು. ಅಳು ಮೋಳೇ, ಅತ್ತುಬಿಡು. ...ಇಲ್ಲವಾ? ಕಣ್ಣಿಗೆ ಧೂಳಾ?

ಗುರುವಾರ. ಗುರುವಾರ ಬೆಳಿಗ್ಗೆಯಿಂದ ಜೋರಾಯ್ತು. ಮತ್ತೆ... ಸಂಜೆ ಹೊತ್ತಿಗೆ ಆಯ್ತು. ಹೆಚ್ಚು ಕಷ್ಟ ಪಡಲಿಲ್ಲ. ನಿನ್ನನ್ನು ಕರೆಯುವ ಅಂತ ನಾನು ಫೋನು ತೆಗೆದೆ ಮೋಳೇ, ತೆಗೆದೆ. ಅಷ್ಟೊತ್ತಿಗೆ ನೀನು ಆಟಕ್ಕೆ ಕೂತಾಗಿತ್ತು. ನಿಮಗೆ ಒಳಗೆ ಫೋನು ಬಿಡುದಿಲ್ಲ ಅಲ್ಲವಾ? ಯಾರ ಹತ್ರ ಹೇಳುದು ನಾನು? ಆ ಪರದೇಶದಲ್ಲಿ ನನ್ನ ಗುರುತಿನವರು ಯಾರಿದ್ದಾರೆ?

ಅವಳ ಮಯ್ಯತ್ತನ್ನು ಆ್ಯಂಬುಲೆನ್ಸಿನಲ್ಲಿ ಮನೆಗೆ ತಂದೆವು. ರಾತ್ರಿಯ ಇಶಾ ನಮಾಜಿನ ಮೇಲೆ ದಫನ ಅಂತ ಆಯ್ತು. ಒಳಗೆ ಹೆಂಗಸರು ಮೀಯಿಸ್ತಾ ಇದ್ದರು. ಮೀಯಿಸುದು ಮಗಳು ಇದ್ದರೆ ಮಗಳು... ಕದೀಜಮ್ಮನೇ ನೀರು ಹೊಯ್ದರು, ಎಪ್ಪತ್ತಾರು ವರ್ಷದ ಹೆಂಗಸು, ತನ್ನ ಮಗಳಿಗೆ. ನಾನು ಹಿತ್ತಿಲಿಗೆ ಹೋದೆ. ಹೋಗಿ... ನಿನ್ನ ಹತ್ರ ಮುಚ್ಚಿಡುದು ಎಂತಕ್ಕೆ, ನಾನು ಅಲ್ಲಿ ಕೂತು ಮೊಬೈಲಿನಲ್ಲಿ ನಿನ್ನ ಆಟ ನೋಡಿದೆ. ಹೌದು. ಒಳಗೆ ಕುರ್‌ಆನಿನ ಯಾಸೀನ್ ಓದುದು ಕೇಳ್ತಿತ್ತು. ನಾನು ನೋಡ್ತಿದ್ದೆ. ಆ ಒಂದನೇ ನಂಬರಿನ ವೊಲ್ಡಾರ್ ತಲೆಗೆ ಕೈ ಕೊಟ್ಟು ಕೂತಿದ್ದ. ನೀನು ಆನೆಯನ್ನು ಅವನ ರಾಜನ ಹಿಂದೆ ತಂದು ಇಟ್ಟಿದ್ದೆ. ನನಗೆ... ಅಲ್ಲಾಹು ಕ್ಷಮಿಸಲಿ, ನನಗೆ ಒಂದು ಗಳಿಗೆ ಖುಷಿಯಾಯ್ತು.

ದೇರಣ್ಣ ಮಾಸ್ಟ್ರು ಪೆರಾಬೆಯಿಂದ ಬಂದವರು ನನ್ನನ್ನು ಹುಡುಕಿಕೊಂಡು ಹಿತ್ತಿಲಿಗೆ ಬಂದರು. ಮೊಬೈಲು ನೋಡಿದರು. ‘ರವೂಫ್ ಸಾಹೇಬ್ರೇ, ಮಗುವಿಗೆ ಹೇಳಿದ್ದೀರಾ?’ ಅಂತ ಕೇಳಿದರು. ಇಲ್ಲ ಅಂದೆ. ‘ಯಾಕೆ?’ ಅಂದರು. ಆಗ ನಾನು ಹೇಳಿದೆ, ರಸೀನಾಳೇ ಹೇಳಿದ್ದು ಮಾಸ್ಟ್ರೇ, ಹೇಳಬೇಡಿ, ಅವಳು ಆಡಲಿ ಅಂತ. ಪಾಪ ಅವರು ಅಲ್ಲೇ ಕೂತು ಚಿಕ್ಕ ಮಕ್ಕಳ ಹಾಗೆ ಅತ್ತರು. ಅವರು ನಾಲ್ಕು ಜನರ ಹತ್ರ ಹೇಳಿದರು, ಆ ನಾಲ್ಕು ಜನ ನಲವತ್ತು ಜನರ ಹತ್ರ... ಹಾಗೆ ಪೇಪರಿಗೂ ಹೋಯ್ತು. ನಾನು ಯಾರನ್ನೂ ಕರೆದು ಬರೆಸಲಿಲ್ಲ. ಆಣೆ.

ಮರುದಿನ ನಿಮಗೆ ರಜೆ. ನೀನು ಫೋನಿನ ಮೇಲೆ ಫೋನು. ಗಂಟಲು ಕಟ್ಟಿದೆ, ಮಾತಾಡಬಾರದು ಅಂದಿದ್ದಾರೆ ಡಾಕ್ಟ್ರು ಅಂತ ನಾನು ಹೇಳಿದೆ. ಹಾಗಾದರೆ ಅಜ್ಜಿಗೆ ಕೊಡಿ ಅಂದೆ ನೀನು. ಕದೀಜಮ್ಮ ಫೋನು ಮುಟ್ಟಲಿಲ್ಲ. ಬಾಯಿಗೆ ಬಟ್ಟೆ ತುರುಕಿಕೊಂಡು ಒಳಗೆ ಹೋದರು. ಇನ್ನು ಮೂರು ಸುತ್ತು ಉಂಟು, ಮೂರೇ ದಿನ ಅಂತ ನಾನು ಎಲ್ಲರಿಗೂ ಹೇಳಿದೆ. ಎಲ್ಲರೂ ಹೂಂ ಅಂದರು. ರಸೀನಾಳ ಮಾತು ಅಲ್ಲವಾ, ಅದನ್ನು ಯಾರು ಮೀರ್ತಾರೆ?

ನೀನು ಗೆದ್ದೆಯಲ್ಲ ಮೋಳೇ. ಅವಳು ಹೇಳಿದ ಹಾಗೆಯೇ ಆಯ್ತಲ್ಲ.

...ಎಂತ ಅದು? ಮೊಬೈಲು ಯಾಕೆ ನನ್ನ ಕಡೆಗೆ ದೂಡ್ತೀ?

ನನಗೆ ಕನ್ನಡಕ ಇಲ್ಲ, ಕಾರಿನಲ್ಲಿ ಉಂಟು. ಆಮೇಲೆ ನೋಡುವ. ...ಆಯ್ತು, ಆಯ್ತು ಮಾರಾಯ್ತಿ, ಕೊಡು.

‘ಉಮ್ಮ.’ ಗುರುವಾರ. ಬೆಳಿಗ್ಗೆ ಹತ್ತು ಗಂಟೆ ಮೂರು ನಿಮಿಷ.

ನೀನು ಫೋನು ಮಾಡಿದ್ದು. ಅದು ಅಲ್ಲಿಯ ಗಂಟೆ. ಅಲ್ಲಿ ಹತ್ತು ಅಂದರೆ ಇಲ್ಲಿ... ಹೌದು. ಎರಡೂವರೆ.

ಕೆಳಗಿನ ಮೆಸೇಜೂ ಓದಬೇಕಾ? ನಾನೇ ಬರೆದದ್ದಲ್ಲವಾ, ಓದುದು ಎಂತ. ‘ಉಮ್ಮ ಮಲಗಿದ್ದಾಳೆ. ಒಳ್ಳೆದಾಗಿ ಆಡು.’

ಆಟ ಸುರುವಾಗ್ಲಿಕ್ಕೆ ನಿನಗೆ ಇನ್ನೂ ನಾಲ್ಕು ಗಂಟೆ ಇತ್ತು. ಗೊತ್ತು. ಗೊತ್ತುಂಟು ನನಗೆ. ಸಂಜೆ ಹೊತ್ತಿಗೆ ಅಂತ ನಾನು ಹೇಳಿದ್ದು... ಸಂಜೆ ಅಲ್ಲ. ಮೂರು ಗಂಟೆ ಹತ್ತು ನಿಮಿಷ. ನೀನು ಫೋನು ಮಾಡುವಾಗ ಅವಳು ಇದ್ದಳು.

ಎಂತಾದರೂ ಹೇಳು ಶಿಫಾ. ಬೈ. ಆ ಟೀ ನನ್ನ ಮುಖಕ್ಕೆ ಎರಚು.

ಮಂಗಳವಾರ ಅವಳು ಹಾಗೆ ಹೇಳಿದ್ದು ನಿಜ ಮೋಳೇ. ಅದು ಸುಳ್ಳಲ್ಲ. ಗುಣ ಆಗ್ತದೆ ಅಂತ ಅವಳಿಗೆ ಧೈರ್ಯ ಇರುವಾಗ ಹೇಳಿದ್ದು. ಗುರುವಾರ ಹೇಳಲಿಲ್ಲ. ಗುರುವಾರ ಹನ್ನೆರಡು ಗಂಟೆಗೆ ಡಾಕ್ಟ್ರು ಬಂದು, ತಿಳಿಸುವವರಿಗೆಲ್ಲ ತಿಳಿಸಿ ಅಂತ ನನ್ನ ಹತ್ರ ಮೆಲ್ಲಗೆ ಹೇಳಿದ್ದು. ಅವಳಿಗೆ ಕೇಳಿತಾ, ನನ್ನ ಮುಖದಲ್ಲಿ ಕಂಡಿತಾ, ಗೊತ್ತಿಲ್ಲ. ಕದೀಜಮ್ಮ ನಮಾಜಿಗೆ ಅಂತ ಹೊರಗೆ ಹೋದದ್ದೇ, ‘ಮೋಳನ್ನು ಕರೀರಿ’ ಅಂದಳು. ‘ಒಂದು ಸರ್ತಿ ಸ್ವರ ಕೇಳ್ತೇನೆ.’

ಅವಳಿಗೆ ಇವತ್ತು ವೊಲ್ಡಾರನ ಮೇಲೆ ಆಟ ರಸೀನಾ ಅಂದೆ.

‘ಆಟ ಸಂಜೆಗಲ್ಲವಾ?’ ಅಂದಳು. ಟೈಮೆಲ್ಲ ಗೊತ್ತಿತ್ತು ಅವಳಿಗೆ. ಕುದುರೆ ನಡೆಸ್ಲಿಕ್ಕೆ ಗೊತ್ತಿಲ್ಲದಿದ್ದರೂ ನಿನ್ನ ಟೈಮು ಗೊತ್ತಿತ್ತು.

ನಾಳೆ ರಜೆ, ನಾಳೆ ಕರೆಯುವ ಅಂತ ನಾನು ಹೇಳಿದೆ. ನಾಳೆ ಅಂತ. ಅವಳು ಮತ್ತೆ ಕೇಳಿದಳು. ಮೂರು ಸರ್ತಿ ಕೇಳಿದಳು ಮೋಳೇ. ಮಾಸ್ಕಿನೊಳಗಿಂದ. ಮೂರನೇ ಸರ್ತಿ ಕೇಳುವಾಗ ಸ್ವರ ಇರಲಿಲ್ಲ, ಕೈಯಲ್ಲಿ ಹೀಗೆ ತೋರಿಸಿದ್ದು, ಕಿವಿಯ ಹತ್ರ.

ನಿನಗೆ ಗಾಬರಿ ಆಗ್ತದೆ, ಆಟ ಬಿಟ್ಟು ಹೊರಡ್ತೀ ಅಂತ ನಾನು ಹೆದರಿದ್ದು. ನಿನ್ನ ಒಳ್ಳೆದಕ್ಕೆ ಅಂತ ಅಂದುಕೊಂಡದ್ದು. ...ಅಲ್ಲ. ಅದೂ ಅಲ್ಲ. ನಿನ್ನ ಒಳ್ಳೆದಕ್ಕೆ ಅಲ್ಲ. ನನಗೆ ಬೇಕಿತ್ತು. ಆ ವೊಲ್ಡಾರನನ್ನು ನನ್ನ ಮಗಳು ಸೋಲಿಸುದು ನನಗೆ ನೋಡಬೇಕಿತ್ತು. ಹದಿನೆಂಟು ವರ್ಷ ಕಾದಿದ್ದೆ. ಒಂದು ದಿನ, ಒಂದೇ ದಿನ ಹೆಚ್ಚು ಅವಳು ತಡೆದುಕೊಂಡರೆ ಸಾಕಿತ್ತು ಅಂತ... ಛೇ. ನಾನು ಎಂತ ಮಾತಾಡುದು.

ಹಾಗಿರುವಾಗ ಫೋನು ಹೊಡೀತು. ನಿನ್ನದು. ಅವಳ ಫೋನು ನನ್ನ ಕಿಸೆಯಲ್ಲಿತ್ತು. ತೆಗೆದೆ, ನಿನ್ನ ಫೋಟೋ ಬಂತು, ಆ ಸ್ವೆಟರಿನದ್ದೇ. ಅವಳು ಕೈ ಚಾಚಿದಳು.

ನಾನು ಕಟ್ ಮಾಡಿದೆ.

ವರಾಂಡಕ್ಕೆ ಹೋಗಿ ನಿನಗೆ ಆ ಎರಡು ಗೆರೆ ಬರೆದೆ. ತಿರುಗಿ ಒಳಗೆ ಬರುವಾಗ ಅವಳ ಕೈ ಇನ್ನೂ ಹಾಗೇ ಚಾಚಿಕೊಂಡಿತ್ತು. ‘ಮೋಳಾ?’ ಅಂದಳು. ಎಲ್ಲಿಂದ ಬಂತೋ ಸ್ವರ, ಅದು ನನಗೆ ಸರಿ ಕೇಳಿದೆ.

ನಾನು ಹೇಳಿದೆ, ಅಲ್ಲ, ಅಂಗಡಿಯಿಂದ. ಯಾರದ್ದೋ ಪಂಪು ಕೆಟ್ಟಿದೆಯಂತೆ.

ಅದು ಕೊನೆಯ ಮಾತು ಮೋಳೇ. ಫ್ಲೆಕ್ಸಿನಲ್ಲಿ ಇರುದಲ್ಲ. ‘ಮೋಳಾ?’ ಅಂತ ಅವಳು ಕೇಳಿದ್ದು, ಅಲ್ಲ ಅಂತ ನಾನು ಹೇಳಿದ್ದು. ಅದರ ಮೇಲೆ ಅರ್ಧ ಗಂಟೆ ಇದ್ದಳು. ಕೈ ಕೆಳಗೆ ಇಟ್ಟಳು. ಸುಳ್ಳು ಅಂತ ಅವಳಿಗೆ ಗೊತ್ತಾಗಿತ್ತು. ಬೈಯಲಿಲ್ಲ, ಕಣ್ಣೀರು ಹಾಕಲಿಲ್ಲ, ಆ ಅರ್ಧ ಗಂಟೆಯೂ ನನ್ನ ಮುಖ ನೋಡಿಕೊಂಡೇ ಇದ್ದಳು.

ಹೀಗೇ. ನೀನು ಈಗ ನೋಡ್ತಾ ಇದ್ದೀಯಲ್ಲ, ಹೀಗೇ.