ಬ್ಯಾಟರಿ ಶೆಡ್ಡಿನ ಹಿಂದಿನ ಸೊಪ್ಪು

ಇನ್ನೊಬ್ಬರ ಫೋನಿನ ಮಾತು ಕೇಳಿಸಿಕೊಳ್ಳುವುದೇ ತಪ್ಪು, ಅದನ್ನು ಹೇಳಹೊರಡುವುದು ಇನ್ನೂ ದೊಡ್ಡ ತಪ್ಪು. ಅದೂ ಒಂದೇ ಕಡೆಯ ಮಾತು. ಮನ್ನಿಸಬೇಕು.

ಒವೆರ್ರಿ ಊರಾಚೆಯ ಗ್ಯಾರೇಜು ಕೇರಿಗೆ ಒಕೊರಿಯೇ ಯಜಮಾನ. ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುವ ಶೆಡ್ಡಿನ ಹಿಂದೆ ಬೆಳೆದದ್ದನ್ನು ಯಾರೂ ತಿನ್ನಬಾರದು, ಮಣ್ಣಿಗಿಳಿದ ಸೀಸ ಮೈಯ ರಕ್ತವನ್ನೇ ಕೆಡಿಸುತ್ತದೆ ಎಂದು ಮಣ್ಣು ಪರೀಕ್ಷೆಯವರು ಅವನಿಗೆ ಹೇಳಿ ವಾರವಾಗಿತ್ತು. ಅವನು ಯಾರಿಗೂ ಹೇಳಲಿಲ್ಲ. ಕುಂಬಳದ ಜಾತಿಯ ಉಗು ಸೊಪ್ಪನ್ನು ಹಸಿಯಾಗಿ ಹಿಂಡಿ ಕುಡಿದರೆ ರಕ್ತವಾಗುತ್ತದೆಂದು ತಮ್ಮನ ಬಸುರಿ ಹೆಂಡತಿ ಉಲೊಮಾಗೆ ಅಲ್ಲಿಂದಲೇ ಕಳಿಸುತ್ತಿದ್ದ. ನಿಲ್ಲಿಸಿದರೆ ಜನ ಯಾಕೆಂದು ಕೇಳುತ್ತಾರೆ ಎಂದು ನಿಲ್ಲಿಸಲೂ ಇಲ್ಲ.

"ಹಲೋ... ಯಾರು? ಗಟ್ಟಿಯಾಗಿ ಮಾತಾಡಿ, ಇಲ್ಲಿ ಇಂಜಿನ್ ಓಡ್ತಿದೆ... ಹಾಂ, ಉಲೊಮಾನಾ. ಏನಮ್ಮ?"

"...ಮತ್ತೆ ಮೈಯಲ್ಲಿ ರಕ್ತ ಕಡಿಮೆ ಆಗಿದೆಯಾ? ಕುಡೀತಿದೀಯ ತಾನೇ?"

"...ದಿನಾ ಒಂದು ಲೋಟನಾ? ಹಾಲು ಬೆರೆಸಿ? ಹಾಗಿದ್ರೆ ಎರಡು ಕುಡಿ. ನಿಮ್ಮ ತವರಿನವರೇ ಹಾಗೆ ಅಲ್ವಾ, ಮೈಯಲ್ಲಿ ರಕ್ತಕ್ಕಿಂತ ದೂರೇ ಜಾಸ್ತಿ."

"...ಸೊಪ್ಪು ಎಲ್ಲಿಂದ ಅಂತ ನರ್ಸ್ ಕೇಳಿದ್ಲಾ? ಸಂತೆಯಿಂದ ಅನ್ನು... ಗ್ಯಾರೇಜು ಅಂದುಬಿಟ್ಯಾ? ಥೂ. ನಿನ್ನ ಬಾಯಿಗೆ ಯಾವ ನಟ್ಟೂ ಕೂರಲ್ಲ ಬಿಡು."

"...ಕೇಳಿಲ್ಲಿ. ಸರ್ಕಾರದವರು ಈ ಕೇರಿ ಎತ್ತಿಸಿದ್ರೆ ಇಲ್ಲಿ ದುಡಿಯೋ ನಿನ್ನ ಗಂಡ ಎಲ್ಲಿ ಹೋಗ್ತಾನೆ?... ಮಣ್ಣಿಗೇನಾಗಿದೆ? ಕಪ್ಪಗೆ ಮಿಂಚ್ತಿದೆ. ನಾವೆಲ್ಲ ತಿಂದು ಬದುಕಿಲ್ವಾ?"

ಅದು ಸುಳ್ಳು. ಆ ವಾರವೆಲ್ಲ ಅವನ ಮನೆಗೆ ಸೊಪ್ಪು ಬಂದದ್ದು ಸಂತೆಯಿಂದ.

"...ಅಳಬೇಡ. ಅತ್ರೆ ಇರೋ ರಕ್ತನೂ ನೀರಾಗುತ್ತೆ. ನಿನ್ನ ಆರೈಕೆಗೆ ಅಂತ ನನ್ನ ಮಗಳನ್ನೇ ಕಳಿಸಿಲ್ವಾ? ಅಡಾಕು ಹಿಂಡಿ ಕೊಡ್ತಾಳೆ, ನೀನು ಕುಡಿ. ನುಂಗೋಕೂ ಆಳು ಬೇಕಾ?"

"...ಏನು?... ಯಾರು ಕುಡಿದ್ಲು?"

"...ನಿನಗೆ ವಾಕರಿಕೆ ಬರುತ್ತೆ ಅಂತ ಅಡಾಕುನೂ ಜೊತೆಗೆ ಕುಡೀತಾಳಾ? ಅರ್ಧ ಅವಳಿಗಾ? ದಿನಾನಾ?"

ಒಕೊರಿ ಕೈಯಲ್ಲಿದ್ದ ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟ.

"ಅವಳಿಗೆ ಕೊಡಬೇಡ. ಕೇಳಿಸ್ತಾ? ಒಂದು ಹನೀನೂ ಕೊಡಬೇಡ. ಇವತ್ತೇ ಮನೆಗೆ ಕಳಿಸು ಅವಳನ್ನ."

"...ಯಾಕೆ ಅಂದ್ರೆ... ನಿಂದು ಬೇರೆ ಕಣಮ್ಮ, ನೀನು ಕುಡಿ... ಅವಳಿಗೆ ಮಾತ್ರ..."

"...ಉಲೊಮಾ?... ಅಲ್ಲ, ನಾನು ಹೇಳಿದ್ದು... ಹಲೋ?... ಹಲೋ?"

ಆ ಕಡೆಯಿಂದ ಕಟ್ಟಾಯಿತು. ಅವನು ಮತ್ತೆ ಮತ್ತೆ ಫೋನ್ ಮಾಡಿದ, ಯಾರೂ ಎತ್ತಲಿಲ್ಲ. ಅವಳು ಫೋನಿಟ್ಟದ್ದು ಸೊಪ್ಪಿನ ಗುಟ್ಟು ಅರ್ಥವಾಗಿಯೋ, ಬರೀ ಅವಮಾನದಿಂದಲೋ; ಆ ದಿನದ ಲೋಟ ಯಾರ ಹೊಟ್ಟೆಗೆ ಹೋಯಿತೋ, ನನಗೆ ತಿಳಿಯದು.